ರಷ್ಯಾದ ಚಿತ್ರಗಳಿಗೆ ಮಾತು ಹೇಳಿದ್ದು

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ನಾನು ಬಂಗಾರಪೇಟೆಯಲ್ಲಿ ಶಾಲೆಯ ಮೇಷ್ಟ್ರಾಗಿದ್ದುಕೊಂಡೇ ಇನ್ನೊಂದು ಕೆಲಸ ಮಾಡುತ್ತಿದ್ದೆ. ಸರ್ಕಾರದ ಪ್ರಚಾರದ ವ್ಯಾನು ಚಿನ್ನದ ಗಣಿಯ ಊರಿಗೆ ತರುತ್ತಿದ್ದ ಯುದ್ಧದ ಚಿತ್ರಗಳಿಗೆ ಮಾತು ಹೇಳುವ ಕೆಲಸ. ಚಿತ್ರದೊಳಗಿನ ಇಂಗ್ಲಿಷ್ ಕೂಲಿಯವರಿಗೆ ತಿಳಿಯದೆಂದು ಅದರ ದನಿ ತಗ್ಗಿಸಿ, ನನ್ನನ್ನು ಪರದೆಯ ಪಕ್ಕ ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ಹೇಳಬೇಕು; ತಮಿಳಿನ ಆಟಕ್ಕೆ ಬೇರೊಬ್ಬರಿದ್ದರು. ಹೇಳಬೇಕಾದದ್ದನ್ನೆಲ್ಲ ಟೈಪು ಮಾಡಿದ ಕಾಗದದಲ್ಲಿ ಕೊಡುತ್ತಿದ್ದರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹಿಡಿಯುತ್ತಿದ್ದೆ. ಚಿತ್ರ ತೋರಿಸುವ ಸಭಾಂಗಣದ ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನೇ ಕತ್ತಲು ಮಾಡಿರುತ್ತಿದ್ದರು. ಬೆಳಗಿನ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದ ಗಂಡಸರು ನೆಲದ ಮೇಲೆ ಕೂತು, ಅರ್ಧ ಚಿತ್ರ ನೋಡಿ ಅರ್ಧ ನಿದ್ದೆ ಮಾಡುತ್ತಿದ್ದರು. ಹೆಚ್ಚಿನವು ರಷ್ಯಾದ ಚಿತ್ರಗಳೇ. ಟ್ಯಾಂಕುಗಳು, ಸುಟ್ಟ ಮನೆಗಳು, ಮುಗಿಯದ ಹಿಮ. ಹಿಮವನ್ನು ಕಾಣದ ಜನ ಅದನ್ನು ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಮಣ್ಣಿಗೆ ಹೋಲಿಸಿ ಸುಮ್ಮನಾಗುತ್ತಿದ್ದರು. ಸತ್ತವರೆಲ್ಲ ಶತ್ರುಗಳೇ, ರಷ್ಯಾದವರು ಸದಾ ಮುಂದೆ ಮುಂದೆ ನಡೆಯುವವರೇ. ವಾರವಾರವೂ ಅದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಸಭಾಂಗಣ ಗುಡಿಸುವ ಹೆಂಗಸೊಬ್ಬಳು ಬಾಗಿಲ ಬಳಿ ಕೂತು ಎಲ್ಲ ಚಿತ್ರಗಳನ್ನೂ ನೋಡುತ್ತಿದ್ದಳು. ಅವಳ ಗಂಡ ಅಲ್ಲಿನ ನಂದಿದುರ್ಗ ಎಂಬ ಗಣಿಯಲ್ಲಿ ಬಂಡೆ ಸಿಡಿದು ಸತ್ತಿದ್ದ. ಅದಾದ ಮೇಲೆ ಗಣಿಯವರು ಕೂಲಿಗಳಿಗೆ ಕೊಡುವ ಲೈನಿನ ಮನೆ ಖಾಲಿ ಮಾಡಿ, ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆ ಸೇರಿಕೊಂಡಿದ್ದಳು. ಒಂದು ಶನಿವಾರ ಆಟ ಮುಗಿದು ಜನ ಹೋದ ಮೇಲೆ ಕಸಬರಿಕೆ ಹಿಡಿದು ನನ್ನ ಹತ್ತಿರ ಬಂದಳು.

"ಮೇಷ್ಟ್ರೇ, ಆ ಮುದುಕಿ ಊರಿಗೆ ವಾಪಸ್ ಬತ್ತಾವ್ಳೆ ಅಂದ್ರಲ್ಲ. ಓದ ತಿಂಗಳು ಅವಳೇ ಊರು ಬಿಟ್ಟು ಓಗ್ತಾವ್ಳೆ ಅಂದಿದ್ರಿ."

ಹಿಮದಲ್ಲಿ ಜಾರುಬಂಡಿಗೆ ಮೂಟೆ ಕಟ್ಟಿ ಎಳೆಯುವ ಮುದುಕಿಯ ತುಣುಕು ಅದು. ಬೇರೆ ಯಾರೋ ಇರಬೇಕು ಎಂದೆ.

"ಅದೇ ಆಯಮ್ಮನೇ ಸಾಮಿ. ಓಗೋಳೇ ಅವಳು. ಮೂರು ಸಲ ಇಂದಕ್ಕೆ ತಿರುಗಿ ನೋಡ್ತಾಳೆ. ನಾನೂ ಲೈನ್ ಬಿಡೋವಾಗ ಅಂಗೇ ನೋಡ್ಕಂಡು ಓದೋಳು."

ಇಷ್ಟು ಹೇಳಿ ಕಸ ಗುಡಿಸುತ್ತಾ ಹೋದಳು. ಹೋದ ತಿಂಗಳ ಚಿತ್ರದ ಕಾಗದ ನನ್ನ ಚೀಲದಲ್ಲೇ ಇತ್ತು, ತೆಗೆದು ನೋಡಿದೆ. ಅವಳು ಹೇಳಿದ್ದೇ ಸರಿ. ಮೊದಲ ಚಿತ್ರದಲ್ಲಿ ಆ ಮುದುಕಿ ಶತ್ರುವಿಗೆ ಹೆದರಿ ಓಡುತ್ತಿದ್ದಳು, ಎರಡನೆಯದರಲ್ಲಿ ಗೆದ್ದ ಊರಿಗೆ ಸಂತೋಷದಿಂದ ಮರಳುತ್ತಿದ್ದಳು. ಎರಡನ್ನೂ ಹೇಳಿದವನು ನಾನೇ. ವ್ಯಾನಿನ ಅಧಿಕಾರಿಗೆ ತೋರಿಸಿದೆ. ದಿನವೂ ಊರೂರು ಸುತ್ತಿ ಸೋತಿದ್ದ ಮನುಷ್ಯ. ಬರೆದು ಕೊಟ್ಟದ್ದನ್ನು ನೀವು ಓದಿದರೆ ಸಾಕು, ತುಣುಕು ಜೋಡಿಸಿದವರಿಗೆ ಆ ಚಿಂತೆ ಇರಲಿ ಎಂದರು.

ಮುಂದಿನ ಶನಿವಾರ ಜನ ಕೇಳಿದರೆಂದು ಅದೇ ಚಿತ್ರ ಮತ್ತೆ ಹಾಕಿದರು. ಪರದೆಯ ಮೇಲೆ ಮುದುಕಿ ಬಂದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಸುಳ್ಳು ಹೇಳಬಾರದೆಂಬ ಹಟವೇನೂ ಇರಲಿಲ್ಲ, ಸಾಕಾಗಿತ್ತು ಅಷ್ಟೆ. ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಕೂತವರಲ್ಲಿ ಕೆಲವರು ಕಣ್ಣು ತೆರೆದು, ಏನೂ ಕೇಳಿಸುತ್ತಿಲ್ಲವಲ್ಲ ಎಂದು ನನ್ನತ್ತ ನೋಡಿದರು. ಮುದುಕಿ ಹಿಂದಕ್ಕೆ ತಿರುಗಿ ನೋಡುತ್ತಾ ನೋಡುತ್ತಾ ಪರದೆಯಿಂದಾಚೆ ಹೋದಳು.

ಗಂಟಲು ಕಟ್ಟಿತ್ತೇ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದೆ. ಆಮೇಲೆ ಓದುವ ಕಾಗದ ನನಗೆ ಬರಲಿಲ್ಲ. ಗಣಿ ಊರಿನ ಕೋರಮಂಡಲ್ ಭಾಗದ ಒಬ್ಬ ಗುಮಾಸ್ತ ನನ್ನ ಜಾಗಕ್ಕೆ ಬಂದ. ನನಗಿಂತ ಗಟ್ಟಿ ದನಿ, ಚೆನ್ನಾಗಿ ಹೇಳುತ್ತಾನೆ ಎಂದು ಜನ ಮೆಚ್ಚಿಕೊಂಡರು. ಗುಡಿಸುವ ಹೆಂಗಸು ಮಾತ್ರ ಆಟ ಶುರುವಾದರೆ ಎದ್ದು ಹೊರಗೆ ಹೋಗಿ ಕೂರುತ್ತಾಳೆಂದು ರೈಲಿನಲ್ಲಿ ಸಿಕ್ಕ ಪರಿಚಯದವರು ಹೇಳಿದರು. ಶನಿವಾರಗಳ ಮಧ್ಯಾಹ್ನ ನಾನು ಮನೆಯಲ್ಲಿ ಉಂಡು ಮಲಗತೊಡಗಿದೆ. ಯುದ್ಧ ಮುಗಿಯಿತು ಎಂಬ ಸುದ್ದಿ ಬಂದಾಗಲೂ ಹಾಗೇ ಮಲಗಿದ್ದೆ.