ಕದಿನದ ಸದ್ದು, ರೆಫರಿಯ ವಿಸಿಲ್

‘ಢಂ!’

ಆ ಸದ್ದಿಗೆ ನನ್ನ ಕೈಯಲ್ಲಿದ್ದ ಡಬ್ಬಿ ಜಾರಿ, ಬಾಡಿಗೆ ಮನೆಯ ಕೆಂಪು ನೆಲದ ತುಂಬ ಸಾಸಿವೆ ಚೆಲ್ಲಿಹೋಯಿತು. ಪಾಣೆಮಂಗಳೂರಿನಲ್ಲಿ ಸಾಮಾನು ಇಳಿಸಿ ಇನ್ನೂ ವಾರ ಆಗಿರಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಗೇಟಿಗೆ ಓಡಿದೆ. ಕೆಜಿಎಫ್‌ನವರಾದ ನಿಮಗೆ ಯಾಕೆ ಓಡಿದೆ ಅಂತ ಹೇಳಬೇಕಾಗಿಲ್ಲ. ನಮ್ಮಲ್ಲಿ ಅಂಥ ಸದ್ದು ಬಂತೆಂದರೆ ಗಣಿಯೊಳಗೆ ಬಂಡೆ ಸಿಡಿದಿದೆ ಎಂದು ಅರ್ಥ. ಲೈನ್ ಮನೆಗಳ ಹೆಂಗಸರೆಲ್ಲ ಹೊರಗೆ ಬಂದು, ಗಣಿಯ ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದೆವು.

ಇಲ್ಲಿ ಹೊರಗೆ ಬಂದವಳು ನಾನೊಬ್ಬಳೇ. ಪಕ್ಕದ ಮನೆಯ ಆಯಿಸಮ್ಮ ಜಗಲಿಯಿಂದಲೇ ನಕ್ಕರು. “ಹೆದರಬೇಡಿ ಟೀಚರ್, ಅದು ಕದಿನ. ಉಪವಾಸದವರು ಇನ್ನು ನೀರು ಕುಡಿಯಬಹುದು ಅಂತ. ನೀವೂ ಸ್ವಲ್ಪ ಕುಡಿಯಿರಿ, ಮುಖ ಎಲ್ಲ ಬಿಳಿಚಿಕೊಂಡಿದೆ.”

ಕದಿನ ಎಂದರೆ ಮದ್ದು ತುಂಬಿ ಸಿಡಿಸುವ ಕಬ್ಬಿಣದ ಗಿಡ್ಡ ಕೊಳವೆ. ರಂಜಾನಿನಲ್ಲಿ ಸೂರ್ಯ ಮುಳುಗಿದ ಕೂಡಲೇ ಮಸೀದಿಯ ಹತ್ತಿರ ಸಿಡಿಸುತ್ತಿದ್ದರು. ಅದು ಗೊತ್ತಾದ ಮೇಲೂ ತುಂಬ ದಿನ ನನ್ನ ಕಾಲುಗಳು ಗೇಟಿನ ಕಡೆಗೇ ಹೋಗುತ್ತಿದ್ದವು.

ಗಣಿ ಮುಚ್ಚಿದ ಮೇಲೆ ನಮ್ಮ ಯಜಮಾನರಿಗೆ ಬಂಟ್ವಾಳದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನನ್ನ ಕಾನ್ವೆಂಟ್ ಇಂಗ್ಲಿಷ್ ನೋಡಿ ಒಂದು ಹೈಸ್ಕೂಲಿನವರು ನನ್ನನ್ನು ಕರೆದರು. ನಾನು ‘ಬರ್ತೀನಿ’ ಎಂದರೆ ಮಕ್ಕಳು ಬೆಂಚಿನ ಕೆಳಗೆ ತಲೆ ಹಾಕಿ ನಗುತ್ತಿದ್ದರು. ಅವರದು ‘ಬರ್ತೇನೆ ಟೀಚರ್’. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವ ಅವರು ಕನ್ನಡವನ್ನು ಇಸ್ತ್ರಿ ಮಾಡಿದ ಯೂನಿಫಾರ್ಮಿನ ಹಾಗೆ ಸ್ಕೂಲಿಗೆ ಮಾತ್ರ ಹಾಕಿಕೊಂಡು ಬರುತ್ತಿದ್ದರು. ಎರಡು ಕಿಲೋ ರಾಗಿ ಹಿಟ್ಟು ಕೇಳಿದರೆ ಅಂಗಡಿಯವನು, “ಮನೆಯಲ್ಲಿ ಸಣ್ಣ ಮಗು ಉಂಟಾ?” ಅಂದ. ಮುದ್ದೆಗೆ ಅಂತ ಹೇಳಿದರೆ ಅವನಿಗೆ ಇನ್ನೂ ವಿಚಿತ್ರ. “ಓ, ನೀವು ಘಟ್ಟದವರು!” ಚಾರ್ಮಾಡಿ ಹತ್ತಿ ಆಚೆ ಹೋದರೆ ಸಿಗುವ ಊರುಗಳೆಲ್ಲ ಇವರಿಗೆ ಒಂದೇ, ಘಟ್ಟ. ಕುಚ್ಚಲಕ್ಕಿ ಅನ್ನ ನುಂಗಲು ಕಲಿತೆ. ಆದರೆ ಸಂಜೆಗಳು ಮಾತ್ರ ತುಂಬ ಲೋನ್ಲಿ.

ನನ್ನನ್ನು ಉಳಿಸಿದ್ದು ಫುಟ್‌ಬಾಲ್. ನಾನು ಕೆಜಿಎಫ್‌ನವಳು, ಅಪ್ಪ ಮ್ಯಾಚುಗಳಿಗೆ ರೆಫರಿ ಆಗಿದ್ದವರು ಎಂದು ತಿಳಿದದ್ದೇ ಹೆಡ್‌ಮಾಸ್ಟ್ರು ಸ್ಕೂಲ್ ಟೀಮಿನ ಜೊತೆ ಓಡಾಡುವ ಜವಾಬ್ದಾರಿ ನನಗೇ ಕೊಟ್ಟರು. ಆಟ ಕಲಿಸುವವರು ಪಿ.ಟಿ. ಮಾಸ್ಟ್ರು ಸಂಜೀವ. ಬೈಗುಳ ತುಳುವಿನಲ್ಲಿ, ಬುದ್ಧಿಮಾತು ಕನ್ನಡದಲ್ಲಿ. ನಮ್ಮ ಅಪ್ಪ ಲೈನಿನ ಪಕ್ಕ ನನ್ನನ್ನು ಕೂರಿಸಿಕೊಂಡು, “ಪ್ಲೇ ಟು ದ ವಿಸಿಲ್, ಬೇಬಿ,” ಅನ್ನುತ್ತಿದ್ದರು. ವಿಸಿಲ್ ಆಗುವವರೆಗೆ ಯಾವ ಕಾರಣಕ್ಕೂ ಆಟ ನಿಲ್ಲಿಸಬಾರದು. ಸಂಜೀವ ಮಾಸ್ಟ್ರದ್ದು ಬೇರೆಯೇ ಕಾನೂನು. ರಂಜಾನಿನ ಪ್ರಾಕ್ಟೀಸಿನಲ್ಲಿ ಕದಿನ ಕೇಳಿದ ತಕ್ಷಣ, ಬಾಲ್ ಯಾರ ಕಾಲಲ್ಲಿದ್ದರೂ ಸರಿ, ಲೈನಿನಿಂದ ಹೊರಗೆ ಹೊಡೆದುಬಿಡಬೇಕು. ಎಲ್ಲರೂ ಕೂರಬೇಕು. ಉಪವಾಸದ ಮಕ್ಕಳು ನೀರು ಕುಡಿದ ಮೇಲೆ ಉಳಿದವರು. ಅವಸರ ಮಾಡಿ ಬಾಲ್ ಮುಟ್ಟಿದವನಿಗೆ ಗ್ರೌಂಡ್ ಸುತ್ತುವ ಶಿಕ್ಷೆ. ನಮ್ಮ ಡಿಫೆನ್ಸಿನ ದಿನೇಶ ಉಪವಾಸ ಇಲ್ಲದಿದ್ದರೂ ಖರ್ಜೂರ ತಿನ್ನುವುದರಲ್ಲಿ ಎಲ್ಲರಿಗಿಂತ ಮುಂದೆ.

ಟೀಮಿನ ಫಾರ್ವರ್ಡ್ ಹಮೀದ್, ನಮ್ಮ ಆಯಿಸಮ್ಮನ ದೊಡ್ಡ ಮಗ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಡಲಾಚೆ ದಮ್ಮಾಮಿನಲ್ಲಿದ್ದ ಮಾವನ ಅಂಗಡಿಗೆ ಅವನು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ವರ್ಷ ಬೆಳ್ತಂಗಡಿಯಲ್ಲಿ ನಮಗೂ ಮೂಡುಬಿದಿರೆಯ ಒಂದು ಸ್ಕೂಲಿಗೂ ಫೈನಲ್. ಗೆದ್ದರೆ ಟೀಮು ಘಟ್ಟ ಹತ್ತಿ ಮುಂದಿನ ಮ್ಯಾಚಿಗೆ ಹೋಗುತ್ತದೆ. ಸೋತರೆ ಹಮೀದನ ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. ಟೆಂಪೋ ಹತ್ತುವಾಗ ಅವನು ಕೇಳಿದ್ದ, “ಟೀಚರ್, ಗೆದ್ದರೆ ನಿಮ್ಮ ಊರಿನ ಕಡೆ ಆಡ್ಲಿಕ್ಕೆ ಸಿಗ್ತದಾ?” ನಾನೂ ಅದೇ ಆಸೆ ಇಟ್ಟುಕೊಂಡಿದ್ದೆ.

ಹಿಂದಿನ ಮ್ಯಾಚುಗಳು ಎಳೆದು ನಮ್ಮದು ಶುರುವಾಗುವಾಗಲೇ ಬಿಸಿಲು ಇಳಿದಿತ್ತು. ಒಂದೊಂದು ಗೋಲು ಸಮ. ಇನ್ನು ಕೆಲವೇ ನಿಮಿಷ. ಆಗ ಪೇಟೆಯ ಕಡೆಯಿಂದ ಕದಿನ ಕೇಳಿಸಿತು. ಬಾಲ್ ನಮ್ಮ ಅರ್ಧದಲ್ಲಿತ್ತು. ಗೋಲು ಕಾಯುತ್ತಿದ್ದ ಮೂಡುಬಿದಿರೆಯ ಗೋಲಿಯೂ ಉಪವಾಸದವನೇ. ಇನ್ನೂ ಟೈಮ್ ಉಂಟು ಎಂದುಕೊಂಡನೋ ಏನೋ, ಕಂಬದ ಬುಡದಲ್ಲಿಟ್ಟಿದ್ದ ಬಾಟಲಿ ಎತ್ತಿಕೊಂಡು, ನೀರು ಕುಡಿಯುವಾಗ ಕೂರಬೇಕೆಂಬ ಅಭ್ಯಾಸದಂತೆ ಕುಕ್ಕರಗಾಲಲ್ಲಿ ಕೂತ. ಅಷ್ಟರಲ್ಲಿ ದಿನೇಶ ಉದ್ದಕ್ಕೆ ಹೊಡೆದ ಬಾಲ್ ಹಮೀದನಿಗೆ ಸಿಕ್ಕಿತು. ಮುಂದೆ ಯಾರೂ ಇಲ್ಲ. ನಾನು ಕುರ್ಚಿ ಬಿಟ್ಟು ಎದ್ದು, “ಶೂಟ್, ಹಮೀದ್, ಶೂಟ್!” ಎಂದು ಕಿರುಚಿದೆ.

ಹಮೀದ್ ಗೋಲಿಯನ್ನು ನೋಡಿದ. ಬಾಲನ್ನು ಪಕ್ಕಕ್ಕೆ ತಿರುಗಿಸಿ ಲೈನಿನಿಂದ ಹೊರಗೆ ಹೊಡೆದ.

ರೆಫರಿ ಏನೂ ಅರ್ಥವಾಗದೆ ಥ್ರೋ ಮೂಡುಬಿದಿರೆಗೆ ಕೊಟ್ಟರು. ಗೋಲಿ ಬಾಯಲ್ಲಿ ನೀರಿಟ್ಟುಕೊಂಡೇ ಎದ್ದು ತನ್ನವರಿಗೆ ಕೂಗಿದ, “ಬಾಲ್ ಅವರಿಗೇ ಕೊಡಿ ಮಾರಾಯ್ರೆ, ಅವರಿಗೇ ಕೊಡಿ!” ಅವರ ವಿಂಗಿನ ಹುಡುಗ ಅದನ್ನು ಕೇಳಿಸಿಕೊಳ್ಳದೆ ಆಗಲೇ ಓಡುತ್ತಿದ್ದ. ನಮ್ಮವರು ಇನ್ನೂ ಹಮೀದನನ್ನೇ ನೋಡುತ್ತಿದ್ದರು. ಗೋಲ್. ಗೆದ್ದ ಟೀಮು ಕುಣಿಯುವಾಗ ಗೋಲಿ ಒಬ್ಬನೇ ಕಂಬಕ್ಕೆ ಒರಗಿ ನಿಂತಿದ್ದ.

ವಾಪಸಾಗುವಾಗ ಟೆಂಪೋದಲ್ಲಿ ದಿನೇಶ ಸುಮ್ಮನಿರಲಿಲ್ಲ. “ನಿನ್ನದೆಂಥ ದೊಡ್ಡ ಧರ್ಮ ಮಾರಾಯ! ಮೊದಲು ಗೋಲ್ ಹಾಕಿ ಆಮೇಲೆ ನೀನೇ ಹೋಗಿ ನೀರು ಕುಡಿಸಬಹುದಿತ್ತಲ್ಲ?”

ಹಮೀದ್ ಹೇಳಿದ್ದು ಇಷ್ಟೇ: “ಅವ ಕೂತಿದ್ದ. ಕೂತವನಿಗೆ ಹೇಗೆ ಗೋಲ್ ಹೊಡೆಯುವುದು?”

ನನಗೆ ತಡೆಯಲಾಗಲಿಲ್ಲ. “ಮಾಸ್ಟ್ರೇ, ಪ್ರಾಕ್ಟೀಸ್ ಬೇರೆ, ಮ್ಯಾಚ್ ಬೇರೆ ಅಂತ ನೀವು ಹೇಳಿಕೊಡಬೇಕಿತ್ತು. ದಟ್ ವಾಸ್ ಹಿಸ್ ಲಾಸ್ಟ್ ಚಾನ್ಸ್.”

“ನನಗೂ ಹೊಟ್ಟೆ ಉರಿಯುತ್ತದೆ ಟೀಚರ್. ಆದರೆ ಇವತ್ತು ಇವನಿಗೆ ಬೈದರೆ, ನಾಳೆ ಗ್ರೌಂಡಿನಲ್ಲಿ ಕದಿನ ಕೇಳುವಾಗ ನಾನು ಈ ಮಕ್ಕಳಿಗೆ ಎಂಥ ಹೇಳುವುದು?” ಎಂದರು ಸಂಜೀವ ಮಾಸ್ಟ್ರು. ಆಮೇಲೆ ಹಿಂದಕ್ಕೆ ತಿರುಗಿ, “ದಿನೇಶ, ಆ ಖರ್ಜೂರದ ಕಟ್ಟು ಇತ್ತ ತಾ. ನೀನೊಬ್ಬನೇ ಮುಗಿಸಬೇಡ. ಹಮೀದ್ ಇನ್ನೂ ಏನೂ ತಿಂದಿಲ್ಲ.”

ಹೌದು. ಅವನು ನೀರು ಕೂಡ ಕುಡಿದಿರಲಿಲ್ಲ. ದಿನೇಶ ಬೈಯುತ್ತಲೇ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ.

ನೀವು ಫೋನಿನಲ್ಲಿ ಕೇಳುತ್ತೀರಿ, ವಾಪಸ್ ಯಾವಾಗ ಬರ್ತೀಯಾ ಅಂತ. ಬಂದರೆ ‘ಮಂಗಳೂರು ಆಂಟಿ ಬಂದರು’ ಎಂದು ನನ್ನ ‘ಉಂಟು’, ‘ಎಂಥ’ಗಳನ್ನು ಆಡಿಕೊಂಡು ನಗುತ್ತೀರಿ. ಇಲ್ಲಿ ಇಷ್ಟು ವರ್ಷವಾದರೂ ಮೀನಿನವಳು ಹೊಸಬರಿಗೆ ನನ್ನನ್ನು ತೋರಿಸಿ ‘ಘಟ್ಟದ ಟೀಚರ್’ ಅನ್ನುತ್ತಾಳೆ. ಯಜಮಾನರು ಈಗಿಲ್ಲ. ಕದಿನವೂ ಅಪರೂಪವಾಗಿದೆ, ಹೊತ್ತು ಮೊಬೈಲಿನಲ್ಲಿ ತಿಳಿಯುತ್ತದೆ. ಎಲ್ಲಾದರೂ ಆ ಸದ್ದು ಕೇಳಿದರೆ ನಾನು ಮೊದಲು ಗೇಟಿನ ಕಡೆ ಎರಡು ಹೆಜ್ಜೆ ಹಾಕುತ್ತೇನೆ. ಆಮೇಲೆ ಒಳಗೆ ಬಂದು, ಕೂತು, ನೀರು ಕುಡಿಯುತ್ತೇನೆ.

ಹಮೀದನನ್ನು ನಾನು ಕೊನೆಯ ಸಲ ನೋಡಿದ್ದು ಅವನು ಹೊರಡುವ ದಿನ, ಸ್ಕೂಲ್ ಗ್ರೌಂಡಿನಲ್ಲಿ. ಹೊಸ ಪ್ಯಾಂಟು, ಮಿರಮಿರ ಶೂ, ಹೇಳಿ ಹೋಗಲು ಬಂದಿದ್ದ. ಸಂಜೀವ ಮಾಸ್ಟ್ರು ಬಾಲನ್ನು ಅವನ ಕಡೆ ಉರುಳಿಸಿದರು. ಅವನು ಶೂ ಕಳಚಿ ಬದಿಗಿಟ್ಟು, ಬರಿಗಾಲಲ್ಲಿ ಎಂಟನೇ ಕ್ಲಾಸಿನ ಚಿಳ್ಳೆಗಳ ಜೊತೆ ಆಡಿದ. ಒಂದು ಸಲ ಎಲ್ಲರನ್ನೂ ದಾಟಿ ಗೋಲಿನ ಎದುರು ಬಂದ. ಅಲ್ಲಿ ನಿಂತಿದ್ದ ಪುಟ್ಟ ಗೋಲಿ ಜಾರಿದ ಚಡ್ಡಿಯ ಲಾಡಿ ಕಟ್ಟಿಕೊಳ್ಳುತ್ತಿದ್ದ. ರಸ್ತೆಯಲ್ಲಿ, ಅವನನ್ನು ಕರೆದೊಯ್ಯಲು ಊರಿಗೆ ಬಂದಿದ್ದ ಮಾವನ ಜೀಪು ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಹಮೀದ್ ಬಾಲಿನ ಮೇಲೆ ಪಾದ ಇಟ್ಟುಕೊಂಡು ನಿಂತ.

“ನಿಧಾನ ಕಟ್ಟು ಮಾರಾಯ,” ಎಂದ. “ನಾನು ನಿಲ್ತೇನೆ.”