ಹೂವಮ್ಮನ ಕೈಮಾತು

ಮಂಜುಶ್ರೀ ಯಾವ ರೋಗಿಯನ್ನೂ ಹೇಳದೆ ಮುಟ್ಟಿದವಳಲ್ಲ. ಪ್ರಜ್ಞೆ ಇಲ್ಲದೆ ಮಲಗಿದವರಿಗೂ, “ಅಜ್ಜಾ, ಪಕ್ಕಕ್ಕೆ ಹೊರಳಿಸ್ತೀನಿ, ಬೆನ್ನು ಒರೆಸ್ಬೇಕು” ಎಂದು ಹೇಳಿಯೇ ಕೈ ಹಾಕುತ್ತಿದ್ದಳು. ಸಾಗರದ ಆ ಖಾಸಗಿ ಆಸ್ಪತ್ರೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಭವ್ಯಾಳಿಗೆ ಇದನ್ನು ಕಂಡರೆ ನಗು.

“ಅವ್ರಿಗೆ ಕೇಳಿದ್ರೆ ತಾನೇ ಮಂಜಕ್ಕ?”

“ಕೇಳ್ತದೋ ಇಲ್ವೋ ನಮಗೇನು ಗೊತ್ತು? ಹೇಳೋದು ನಮ್ಮ ಕೆಲಸ.”

ಈ ಅಭ್ಯಾಸ ನರ್ಸಿಂಗ್ ಶಾಲೆಯಲ್ಲಿ ಬಂದದ್ದಲ್ಲ. ಮಂಜುಶ್ರೀಯ ಅಪ್ಪ ಜಟ್ಟಿಂಗಪ್ಪ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಲಾಂಚಿನ ದಡದಲ್ಲಿ ಚಹಾದ ಅಂಗಡಿ ಇಟ್ಟಿದ್ದ. ಅವಳು ಹೈಸ್ಕೂಲಿನಲ್ಲಿದ್ದಾಗ ತಾಯಿ ಪುಷ್ಪಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ದೂರದ ಒಂದು ದೊಡ್ಡಾಸ್ಪತ್ರೆ. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರು, ಅವರನ್ನು ನೋಡಲು ಬಂದ ಗಂಡಸರು ಎಲ್ಲರೂ ಇದ್ದಾಗಲೇ ಯಾರೋ ಬಂದು ಪರದೆ ಎಳೆಯದೆ, ಒಂದು ಮಾತೂ ಆಡದೆ ತಾಯಿಯ ಸೀರೆ ಸರಿಸಿ ಗಾಯ ನೋಡಿ ಹೋದರು. ಪುಷ್ಪಮ್ಮ ಗೋಡೆಯ ಕಡೆ ಮುಖ ತಿರುಗಿಸಿದವಳು ಸಂಜೆಯವರೆಗೆ ಈಚೆ ತಿರುಗಲಿಲ್ಲ. ಮಗಳು ಪಕ್ಕದಲ್ಲೇ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಗಾಯ ಚೆನ್ನಾಗಿ ಮಾಯಿತು. ಆದರೂ ಪುಷ್ಪಮ್ಮ ಮತ್ತೆಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಮಂಜುಶ್ರೀ ನರ್ಸ್ ಆದದ್ದು ಅದರಿಂದಲೇ ಎಂದು ಹೇಳಿದರೆ ಅರ್ಧ ನಿಜ. ಎಂಥ ನರ್ಸ್ ಆದಳು ಎಂಬುದಂತೂ ಅದರಿಂದಲೇ.

ಈಗ ಹಿನ್ನೀರಿಗೆ ಸೇತುವೆ ಬಂದಿದೆ, ದಡದಲ್ಲಿ ಯಾರೂ ನಿಲ್ಲುವುದಿಲ್ಲ. ಅಪ್ಪ ಅಂಗಡಿ ಮುಚ್ಚಿ ಮಗಳ ಜೊತೆ ಸಾಗರಕ್ಕೇ ಬಂದಿದ್ದಾನೆ. ಅವಳು ಕೆಲಸ ಮಾಡುವುದು ಆಪರೇಷನ್ ಆದವರನ್ನು, ಗಂಭೀರವಾಗಿರುವವರನ್ನು ಇಡುವ ವಾರ್ಡಿನಲ್ಲಿ. ಸೇತುವೆ ಉದ್ಘಾಟನೆಯಾದ ವರ್ಷವೇ, ಮಳೆಗಾಲ ಕಳೆದ ಮೇಲೆ, ಹೂವಮ್ಮ ಆ ವಾರ್ಡಿಗೆ ಬಂದರು.

ಹೂವಮ್ಮ ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಒಂದು ಊರಿನವರು, ಅರವತ್ತು ದಾಟಿದ ಹೆಂಗಸು. ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಮದುವೆಯಾಗದೆ ತಮ್ಮ ಶ್ರೀನಾಥನ ಮನೆಯಲ್ಲೇ ಇದ್ದವರು. ಶಾಲೆಗೆ ಹೋಗದ ಕಾರಣ ಓದು ಬರಹವಾಗಲಿ, ಕಿವಿ ಕೇಳದ ಮಕ್ಕಳಿಗೆ ಕಲಿಸುವ ಸಂಜ್ಞೆಯಾಗಲಿ ಅವರಿಗೆ ಬರುತ್ತಿರಲಿಲ್ಲ. ಮನೆಯೊಳಗೇ ಹುಟ್ಟಿ ಬೆಳೆದ ಕೈಮಾತು ಅವರದು. ಕರುಳಿನಲ್ಲಿ ತೂತಾಗಿ, ಹೊಟ್ಟೆ ಕಲ್ಲಿನಂತಾಗಿ ಬಂದವರಿಗೆ ಡಾಕ್ಟರ್ ಯೋಗರಾಜ್ ಆ ದಿನವೇ ಆಪರೇಷನ್ ಮಾಡಿದರು. ಆಪರೇಷನ್ ಏನೋ ಚೆನ್ನಾಗಿಯೇ ಆಯಿತು. ತೊಂದರೆ ಶುರುವಾದದ್ದು ಎಚ್ಚರವಾದ ಮೇಲೆ.

ಹೂವಮ್ಮನ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದ್ದರು. ಅದು ಯಾಕೆಂದು ಅವರಿಗೆ ಯಾರೂ ತಿಳಿಸಿ ಹೇಳುವಂತಿರಲಿಲ್ಲ. ಎಚ್ಚರವಾದ ಕೂಡಲೇ ಅವರು ಅದನ್ನು ಕಿತ್ತೆಸೆದರು. ಮೂಗಿನಿಂದ ರಕ್ತ ಬಂತು. ಮತ್ತೆ ಹಾಕಿದರು, ಮತ್ತೆ ಕಿತ್ತರು.

“ಕೈ ಕಟ್ಟಿ” ಎಂದರು ಡಾಕ್ಟರ್.

“ಸರ್, ಅವ್ರು ಮಾತಾಡೋದೇ ಕೈಯಲ್ಲಿ.”

“ಗೊತ್ತು ಮಂಜುಶ್ರೀ. ಇನ್ನೊಂದು ಸಲ ಕಿತ್ರೆ ಹೊಟ್ಟೆ ಉಬ್ಬಿ ಹೊಲಿಗೆ ಬಿಟ್ಕೊಳ್ಳುತ್ತೆ. ಮತ್ತೆ ಕುಯ್ಯೋದಾದ್ರೆ ಅವ್ರು ಉಳಿಯಲ್ಲ. ಪಕ್ಕದಲ್ಲೇ ಕೂತು ನೋಡ್ಕೊಳ್ಳೋಕೆ ಒಬ್ರು ಇದ್ರೆ ಬಿಚ್ಚಿಡಿ, ನಾನೇನೂ ಬೇಡ ಅನ್ನಲ್ಲ. ಯಾರಿದ್ದಾರೆ ಹೇಳಿ?”

ಮಂಜುಶ್ರೀ ವಾರ್ಡಿನ ಸುತ್ತ ಕಣ್ಣಾಡಿಸಿದಳು. ಎಲ್ಲ ಹಾಸಿಗೆಯೂ ತುಂಬಿತ್ತು. ಒಬ್ಬ ನರ್ಸ್ ಹೆರಿಗೆ ರಜೆಯ ಮೇಲೆ ಹೋಗಿದ್ದಳು. ಇನ್ನೊಬ್ಬಳು ಕೆಲಸ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಉಳಿದವರು ಅವಳು ಮತ್ತು ಭವ್ಯಾ. ಮನೆಯವರನ್ನು ಒಳಗೆ ಬಿಡುವ ರೂಢಿಯಿರಲಿಲ್ಲ. ಡಾಕ್ಟರ್ ಹೇಳಿದ್ದು ತಪ್ಪಲ್ಲ ಎಂಬುದೇ ಅವಳನ್ನು ಹೆಚ್ಚು ಕಂಗೆಡಿಸಿತು.

ಅವಳು ತನಗೆ ತಿಳಿದಷ್ಟು ಒಳ್ಳೆಯದಾಗಿ ಕಟ್ಟಿದಳು. ಮಣಿಕಟ್ಟಿಗೆ ಮೊದಲು ಹತ್ತಿ ಸುತ್ತಿದಳು. ಪಟ್ಟಿಯ ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟಳು. ಕಟ್ಟುವ ಮೊದಲು ನಳಿಕೆಯನ್ನು ತೋರಿಸಿ, ಹೊಟ್ಟೆ ತೋರಿಸಿ, ಕೈ ಮುಗಿದಳು. ಹೂವಮ್ಮ ಆ ಮುಗಿದ ಕೈಯನ್ನೇ ನೋಡಿದರು. ಬೇರೆ ರೋಗಿಗಳಾದರೆ ಕಿರುಚುತ್ತಾರೆ, ಬೈಯುತ್ತಾರೆ. ಇವರಿಗೆ ಅದೂ ಇಲ್ಲ. ಕಟ್ಟಿ ಮುಗಿದಾಗ ಹಾಸಿಗೆಯ ಮೇಲೆ ಬರೀ ಎರಡು ಕಣ್ಣು ಉಳಿದಂತಿತ್ತು.

ಮೈ ಒರೆಸುವಾಗ, ಹಾಸಿಗೆ ಬದಲಿಸುವಾಗ ಮಂಜುಶ್ರೀ ಗಂಟು ಬಿಚ್ಚಿ ಬೆರಳುಗಳನ್ನು ತಿಕ್ಕಿ ಕೊಡುತ್ತಿದ್ದಳು. ಅಷ್ಟರಲ್ಲಿ ಆಚೆ ಹಾಸಿಗೆಯ ಯಂತ್ರ ಕೂಗುತ್ತಿತ್ತು, ಮತ್ತೆ ಕಟ್ಟಿ ಓಡಬೇಕು. ಕಟ್ಟಿದ್ದಾಗಲೂ ಹೂವಮ್ಮನ ಬೆರಳು ಸುಮ್ಮನಿರುತ್ತಿರಲಿಲ್ಲ. ಹೊದಿಕೆಯನ್ನು ಹಿಡಿದು ಮುಷ್ಟಿ ಬಿಗಿದು ತಿರುಚುತ್ತಿದ್ದವು. ಪಟ್ಟಿ ಬಿಗಿಯಾಯಿತೇನೋ ಎಂದು ಅವಳು ಸಡಿಲಿಸಿದಳು. ಹೂವಮ್ಮ ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಮಾಡಿದರು.

ಮಾರನೆಯ ದಿನ ಡಾಕ್ಟರನ್ನು ಕೇಳಿ, ಶ್ರೀನಾಥ್ ವಾರ್ಡಿನೊಳಗೆ ಅಕ್ಕನ ಹತ್ತಿರ ಕೂರಲು ಅವಳು ಒಪ್ಪಿಗೆ ಪಡೆದಳು. ಕೈ ಬಿಚ್ಚಿದ ಕೂಡಲೇ ಹೂವಮ್ಮ ತಮ್ಮನ ಮುಂದೆ ಎರಡೂ ಮುಷ್ಟಿ ಜೋಡಿಸಿ ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರು. ಆಮೇಲೆ ಕೆಳಗೆ, ಹಾಸಿಗೆಯ ಕಡೆ ಬೆರಳು ಮಾಡಿದರು. ಮತ್ತೆ ಹಿಂಡಿದರು.

“ಎಂತ ಹೇಳ್ತಿದಾರೆ ಶ್ರೀನಾಥಣ್ಣ?”

“ಬಟ್ಟೆ ಹಿಂಡದು ಸಿಸ್ಟರ್. ಹಾಸಿಗೆ ಬಟ್ಟೆ ತೊಳೀಬೇಕು ಅಂತಾಳೆ ಕಾಣ್ತದೆ. ಮನೇಲೂ ಹಾಗೇ ಮಾರಾಯ್ರೆ, ಒಂದು ಕಲೆ ಆಗಂಗಿಲ್ಲ.”

ಮಂಜುಶ್ರೀ ಭವ್ಯಾಳನ್ನು ಕರೆದು ಹಾಸಿಗೆಯ ಬಟ್ಟೆ ಬದಲಿಸಿದಳು. ಹಾಗೆ ಬದಲಿಸುವಾಗ ಕಾಲನ್ನೂ ಎತ್ತಿ ನೋಡಿದಳು. ಆಗ ಊತವಿರಲಿಲ್ಲ, ಇದ್ದರೂ ಅವಳ ಕಣ್ಣಿಗೆ ಬೀಳಲಿಲ್ಲ. ಹೊಸ ಬಟ್ಟೆಯ ಮೇಲೆ ಮಲಗಿದ ಹೂವಮ್ಮ ಮತ್ತೆ ಹಿಂಡಿ ತೋರಿಸಿದರು. ಶ್ರೀನಾಥ್ ತಲೆಯಾಡಿಸಿದ, ನೀರು ಬೇಕಾ ಎಂದು ಕೈ ಮಾಡಿದ, ಬಳೆ ಬೇಕಾ ಎಂದು ಕೈ ಮಾಡಿದ. ಹೂವಮ್ಮನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕೈ ಮೂಗಿನತ್ತ ಹೋಯಿತು. ಶ್ರೀನಾಥ್ ಹೆದರಿ ಆ ಕೈಯನ್ನು ಹಿಡಿದುಕೊಂಡು, “ಸಿಸ್ಟರ್, ಕಟ್ಟಿಬಿಡಿ, ನನ್ನ ಕೈಲಾಗಲ್ಲ” ಎಂದು ಕೂಗಿದ. ಕಟ್ಟಿದ ಮೇಲೆ ವಾರ್ಡಿನ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಕಣ್ಣೊರೆಸಿಕೊಂಡ.

“ಇಷ್ಟು ವರ್ಷ ಒಂದೇ ಮನೇಲಿದ್ದು ನಂಗೆ ಅಕ್ಕನ ಅರ್ಧ ಮಾತೂ ಬರಲ್ಲ ಸಿಸ್ಟರ್. ಊಟ, ಕೆಲಸ, ದನ, ಇಷ್ಟೇ. ಪೂರ್ತಿ ಗೊತ್ತಿರದು ನನ್ನ ಮಗಳಿಗೆ. ಧನ್ಯನ ಎತ್ತಿ ಆಡಿಸಿದ್ದೇ ಅವಳು.”

ಮಗಳು ಧನ್ಯಶ್ರೀ ಕೊಪ್ಪದಲ್ಲಿ ಗಂಡನ ಮನೆಯಲ್ಲಿದ್ದಳು. ತುಂಬು ಬಸುರಿ. ಓಡಾಡಲೇಬಾರದು ಎಂದು ಅಲ್ಲಿಯ ಡಾಕ್ಟರ್ ಹೇಳಿದ್ದರು. ಸೋದರತ್ತೆಗೆ ಆಪರೇಷನ್ ಆದ ಸುದ್ದಿ ತಿಳಿದರೆ ಗಾಬರಿಯಾದೀತೆಂದು ಮನೆಯವರು ಅವಳಿಗೆ ಹೇಳಿರಲಿಲ್ಲ.

“ಹೇಳಿ ಅಣ್ಣ. ವಿಡಿಯೋ ಕಾಲ್ ಮಾಡೋಣ. ಹೂವಮ್ಮ ಅವರ ಹತ್ರ ಮಾತಾಡ್ಲಿ. ಆಸ್ಪತ್ರೇಲಿ ಕೈ ಕಟ್ಟಿ ಮಲಗಿರೋವ್ರು ಇನ್ನಾರ ಹತ್ರ ಹೇಳ್ತಾರೆ?”

ಶ್ರೀನಾಥ್ ಒಪ್ಪುವಷ್ಟರಲ್ಲಿ ಸಂಜೆಯಾಯಿತು. ಕರೆ ಮಾಡಿದಾಗ ಧನ್ಯಶ್ರೀ ಎತ್ತಲಿಲ್ಲ. ಅವಳು ವಾಪಸು ಕರೆ ಮಾಡಿದಾಗ ಮಂಜುಶ್ರೀಯ ಪಾಳಿ ಮುಗಿದಿತ್ತು. ವಾರ್ಡಿನಲ್ಲಿದ್ದ ಭವ್ಯಾ ಉಸಿರು ಸಿಕ್ಕಿಕೊಂಡ ಒಬ್ಬ ರೋಗಿಯ ಬಳಿ ನಿಂತಿದ್ದಳು. ಶ್ರೀನಾಥನಿಗೆ ಸಿಕ್ಕಿದ್ದ ಒಪ್ಪಿಗೆ ಹಗಲಿಗೆ ಮಾತ್ರ. ಕಿವಿ ಕೇಳದ ಹೆಂಗಸಿಗೆ ಫೋನು ಹಿಡಿದು ನಿಲ್ಲಲು ಆ ಹೊತ್ತಿಗೆ ಯಾರೂ ಇರಲಿಲ್ಲ.

ಬೆಳಿಗ್ಗೆ ಪಾಳಿಗೆ ಬಂದವಳೇ ಮಂಜುಶ್ರೀ ಕರೆ ಮಾಡಿದಳು. ಫೋನಿನ ಪರದೆಯ ಮೇಲೆ ಧನ್ಯಶ್ರೀಯ ಮುಖ ಕಂಡದ್ದೇ ಹೂವಮ್ಮನ ಗಂಟಲಿಂದ ಒಂದು ಸದ್ದು ಹೊರಟಿತು. ಅವರಿಂದ ಅಂಥ ಸದ್ದನ್ನು ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಬಿಚ್ಚಿದ ಕೈಗಳು ಗಾಳಿಯಲ್ಲಿ ಓಡಿದವು. ಆ ಕಡೆ ಧನ್ಯಶ್ರೀ ಅಳುತ್ತಲೇ ಕೈಯಾಡಿಸಿ ಉತ್ತರ ಕೊಟ್ಟಳು. ನಳಿಕೆ ಯಾಕೆ ಬೇಕು ಎಂದು ಅವಳು ತನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಬರೆದು ತಿಳಿಸಿದಳು. ಅಲ್ಲಿಯವರೆಗೆ ಯಾರಿಂದಲೂ ಆಗದ ಕೆಲಸ ಅದು. ಹೂವಮ್ಮ ತಲೆಯಾಡಿಸಿದರು, ನಳಿಕೆಯನ್ನು ಒಮ್ಮೆ ಮುಟ್ಟಿ ಬಿಟ್ಟುಬಿಟ್ಟರು. ಆಮೇಲೆ ಮುಷ್ಟಿ ಜೋಡಿಸಿ ಹಿಂಡಿದರು.

“ಬಟ್ಟೆ ತೊಳೀಬೇಕು ಅಂತಾರಾ?” ಎಂದು ಮಂಜುಶ್ರೀ ಕೇಳಿದಳು.

ಧನ್ಯಶ್ರೀಯ ಮುಖ ಬದಲಾಯಿತು. “ಅಲ್ಲ ಸಿಸ್ಟರ್, ಬಟ್ಟೆ ಅಲ್ಲ. ಅದು ನೋವು. ಒಳಗಿಂದ ಹಿಂಡ್ತದಲ್ಲ, ಆ ನೋವು. ನಂಗೆ ಮುಟ್ಟಿನ ಹೊಟ್ಟೆನೋವು ಬಂದಾಗ ಅತ್ತೆ ಹಿಂಗೇ ಕೇಳೋರು. ಕಾಲು ಅಂತಿದಾರೆ ನೋಡಿ. ಎಡಗಾಲು. ಎಚ್ಚರ ಆದಾಗಿಂದ ಹಿಂಡ್ತಿದೆ ಅಂತಾರೆ.”

ಮಂಜುಶ್ರೀ ಹೊದಿಕೆ ಎತ್ತಿದಳು. ಎಡಗಾಲಿನ ಮೀನಖಂಡ ಬಲಗಾಲಿಗಿಂತ ದಪ್ಪಗಾಗಿತ್ತು. ಮುಟ್ಟಿದರೆ ಬಿಸಿ. ಆಪರೇಷನ್ ಆಗಿ ಅಲುಗದೆ ಮಲಗಿದವರ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅದಕ್ಕೇ ಕಾಲಾಡಿಸಿ ಎಂದು ಮಾತು ಬಲ್ಲ ರೋಗಿಗಳಿಗೆ ಅವಳು ದಿನವೂ ಹೇಳುತ್ತಾಳೆ, ಕಾಲು ನೋವಿದೆಯಾ ಎಂದು ಕೇಳುತ್ತಾಳೆ. ಹೂವಮ್ಮ ಯಾರೂ ಕೇಳದೆಯೇ ಹೇಳುತ್ತಿದ್ದರು.

ಡಾಕ್ಟರ್ ಓಡಿ ಬಂದರು. ಪರೀಕ್ಷೆ ಮಾಡುತ್ತಿದ್ದ ಹಾಗೆಯೇ ಹೂವಮ್ಮನ ಉಸಿರು ಏರತೊಡಗಿತು. ಹೆಪ್ಪು ಕಾಲಿನಿಂದ ಹೊರಟು ಶ್ವಾಸಕೋಶ ಸೇರಿರಬೇಕು ಎಂದು ಯೋಗರಾಜ್ ಮೆಲ್ಲಗೆ ಹೇಳಿದರು. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿಗೆ ಹೇಳಿ, ಶಿವಮೊಗ್ಗಕ್ಕೆ ಕಳಿಸಲು ತೀರ್ಮಾನಿಸಿದರು. ಮಂಜುಶ್ರೀ ಜೊತೆಗೆ ಹೋದಳು. ಶ್ರೀನಾಥ್ ಮುಂದೆ ಡ್ರೈವರ್ ಪಕ್ಕ ಕುಳಿತ.

ಒಳಗೆ ಅವಳೂ ಹೂವಮ್ಮನೂ ಇಬ್ಬರೇ. ಕೊನೆಗೂ ಪಕ್ಕದಲ್ಲಿ ಕೂರಲು ಒಬ್ಬಳಿದ್ದಳು, ಆದ್ದರಿಂದ ಕೈ ಕಟ್ಟಿರಲಿಲ್ಲ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿತ್ತು. ಅವಳು ಉಸಿರು ಎಣಿಸುತ್ತ, ತುಟಿಯ ಬಣ್ಣ ನೋಡುತ್ತ, ಮಾಡಬೇಕಾದದ್ದನ್ನೆಲ್ಲ ಮಾಡುತ್ತ ಕುಳಿತಳು. ಹೂವಮ್ಮ ಬಲಗೈ ಎತ್ತಿ ಎದೆಯ ಮೇಲೆ ಅಂಗೈ ಮಗುಚಿದರು, ಆಮೇಲೆ ತೋರುಬೆರಳಿನಿಂದ ಹುಬ್ಬಿನ ಮೇಲೆ ಒಂದು ಗೆರೆ ಎಳೆದು ಮಂಜುಶ್ರೀಯತ್ತ ಚಾಚಿದರು. ಅವಳಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಮಾಡಿ ತೋರಿಸಿದರು. ಅವಳು ಫೋನ್ ತೆಗೆದು ಧನ್ಯಶ್ರೀಗೆ ಕರೆ ಮಾಡಲು ನೋಡಿದಳು. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಫೋನ್ ಬದಿಗಿಟ್ಟು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಮರುಕ್ಷಣವೇ, ಮಾತಿಗೆ ಅಡ್ಡ ಬಂದೆನೇನೋ ಎಂದು ಬಿಟ್ಟಳು.

ಆನಂದಪುರದ ಪೇಟೆ ದಾಟುವಾಗ ಹೂವಮ್ಮನ ನಾಡಿ ನಿಂತಿತು. ಅವಳು ಗಾಡಿ ನಿಲ್ಲಿಸಲು ಹೇಳಿ ಎದೆ ಒತ್ತತೊಡಗಿದಳು. ಡ್ರೈವರ್ ಬಂದು ಕೈಜೋಡಿಸಿದ. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಇಣುಕಿ ನೋಡಿದರು. ತೋಳು ಸೋತು ಬಿದ್ದರೂ ಅವಳು ಬಿಡಲಿಲ್ಲ. “ಸಾಕು ಸಿಸ್ಟರ್, ಬಿಡಿ” ಎಂದು ಹೇಳಿದ್ದು ಶ್ರೀನಾಥನೇ.

ಸಾಗರಕ್ಕೆ ಮರಳಿದ ಮೇಲೆ ಡಾಕ್ಟರ್ ಅವಳನ್ನು ಕೂರಿಸಿ ನೀರು ಕೊಟ್ಟರು. “ಮೊದಲೇ ಗೊತ್ತಾಗಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ” ಎಂದರು. ಅವರ ಮುಖವೂ ಬಿಳಿಚಿತ್ತು. ಆಡಳಿತದವರು ಮಾತ್ರ, “ರಕ್ತ ಹೆಪ್ಪುಗಟ್ಟಿತು ಅಂತ ಹೇಳಿದ್ರೆ ಸಾಕು, ಕೈ ಕಟ್ಟಿದ ವಿಷಯ ಎತ್ತಬೇಡಿ” ಎಂದರು.

ಕೆಲವು ದಿನ ಕಳೆದು ಧನ್ಯಶ್ರೀ ಕರೆ ಮಾಡಿದಳು. ಅವಳು ಸುತ್ತು ಬಳಸಲಿಲ್ಲ.

“ಸಿಸ್ಟರ್, ಅತ್ತೆ ಕೈ ಕಟ್ಟಿದ್ರಾ?”

“ಹೌದು. ನಾನೇ ಕಟ್ಟಿದ್ದು.” ಮಂಜುಶ್ರೀ ಎಲ್ಲವನ್ನೂ ಹೇಳಿದಳು. ನಳಿಕೆ, ರಕ್ತ, ಹಿಂಡಿ ತೋರಿಸಿದ್ದು, ಬದಲಿಸಿದ ಹಾಸಿಗೆಯ ಬಟ್ಟೆ, ಎತ್ತಲಾಗದೆ ಹೋದ ಸಂಜೆಯ ಕರೆ.

ಧನ್ಯಶ್ರೀ ಬೈಯಲಿಲ್ಲ. “ನಂಗೆ ಮೊದಲೇ ಹೇಳಿದ್ರೆ ಎಂತಾಗ್ತಿತ್ತು ಇವರಿಗೆಲ್ಲ” ಎಂದಷ್ಟೇ ಹೇಳಿ ಅತ್ತಳು. ಅದು ಆಸ್ಪತ್ರೆಗೆ ಹೇಳಿದ್ದೋ ಅಪ್ಪನಿಗೆ ಹೇಳಿದ್ದೋ ತಿಳಿಯಲಿಲ್ಲ.

ಮಂಜುಶ್ರೀ ಆಡಳಿತದವರ ಹತ್ತಿರ ಹೋಗಿ, ತಾನು ನಿಜ ಹೇಳಿದ್ದೇನೆಂದು ತಿಳಿಸಿದಳು. ಅವರು ಗದರಿದರು, ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಆ ಜಾಗಕ್ಕೂ ಯಾರೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಇನ್ನು ಮೇಲೆ ಕೈ ಕಟ್ಟುವ ಮೊದಲು ಮನೆಯವರನ್ನು ಒಳಗೆ ಕೂರಿಸಬೇಕೆಂದು ಯೋಗರಾಜ್ ಕಟ್ಟುನಿಟ್ಟು ಮಾಡಿದರು. ಕೆಲವರ ಮನೆಯವರು ಬರುತ್ತಾರೆ. ಕೆಲವರಿಗೆ ಯಾರೂ ಇರುವುದಿಲ್ಲ. ಅಂಥವರ ಕೈಯನ್ನು ಮಂಜುಶ್ರೀ ಈಗಲೂ ಕಟ್ಟುತ್ತಾಳೆ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು. ಹೊಸ ನರ್ಸ್ ಇನ್ನೂ ಬಂದಿಲ್ಲ.

ಧನ್ಯಶ್ರೀಗೆ ಹೆಣ್ಣು ಮಗುವಾದ ಮೇಲೆ ಮಂಜುಶ್ರೀ ಒಂದು ದಿನ ವಿಡಿಯೋ ಕರೆ ಮಾಡಿದಳು. ಮಗುವನ್ನು ನೋಡಿದಳು. ಆಮೇಲೆ ಹಿಂಜರಿಯುತ್ತಲೇ, ಆಂಬುಲೆನ್ಸಿನಲ್ಲಿ ಹೂವಮ್ಮ ಮಾಡಿದ್ದನ್ನು ಮಾಡಿ ತೋರಿಸಿದಳು. ಎದೆಯ ಮೇಲೆ ಮಗುಚಿದ ಅಂಗೈ, ಹುಬ್ಬಿನ ಮೇಲೆ ಗೆರೆ, ಮುಂದೆ ಚಾಚಿದ ಬೆರಳು.

“ಇನ್ನೊಂದ್ಸಲ ಮಾಡಿ ಸಿಸ್ಟರ್.”

ಅವಳು ಮತ್ತೆ ಮಾಡಿದಳು. ಧನ್ಯಶ್ರೀ ತಾನೂ ಮಾಡಿ ನೋಡಿದಳು, ಕೈ ತಡೆದು ಯೋಚಿಸಿದಳು, ಇನ್ನೊಮ್ಮೆ ಮಾಡಿದಳು.

“ಇಲ್ಲ ಸಿಸ್ಟರ್” ಎಂದಳು ಕೊನೆಗೆ. “ಇದು ನಂಗೂ ಗೊತ್ತಿಲ್ಲ.”