ಎಲ್ಲದಕ್ಕೂ ಹೂಂ

ಟೈಲರನ ಹೆಂಡತಿಗೆ ಆ ದಿನ ಒಪ್ಪಿಸಿದ್ದು ಒಂದೇ ಕೆಲಸ: ಬಾಯಿ ಮುಚ್ಚಿಕೊಂಡು ಕೂರುವುದು. ಪಾರ್ಶ್ವವಾಯು ಬಡಿದ ಮೇಲೆ ಗಂಡನ ಬಾಯಲ್ಲಿ ಉಳಿದದ್ದು ಒಂದು ಹೂಂ ಮಾತ್ರ. ಆರು ತಿಂಗಳಿಂದ ಇಬ್ಬರ ಮಾತನ್ನೂ ಅವಳೊಬ್ಬಳೇ ಆಡಿ ಸುಸ್ತಾಗಿದ್ದಳು. ಮಾತಿನ ಡಾಕ್ಟರಮ್ಮ ಅವಳ ಕುರ್ಚಿಯನ್ನು ಅವನ ಬೆನ್ನ ಹಿಂದೆ ಹಾಕಿಸಿದ್ದರು.

"ಇದೇನು ಹೇಳಿ ಸಾರ್?" ಡಾಕ್ಟರಮ್ಮ ಕತ್ತರಿಯ ಚಿತ್ರ ಹಿಡಿದರು.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು ಎಡಗೈಯ ಎರಡು ಬೆರಳು ಆಡಿಸಿದ. ಹೆಸರು ಬರಲಿಲ್ಲ.

"ಕ..." ಎಂದಳು ಹೆಂಡತಿ, ತಡೆಯಲಾರದೆ.

"ಅಮ್ಮಾ, ಪರೀಕ್ಷೆ ನಿಮಗಲ್ಲ."

"ಅಭ್ಯಾಸ ಬಲ ಮೇಡಂ. ಮದುವೆ ಆದಾಗಿಂದ ಇವರನ್ನ ಮಾತಾಡೋಕೆ ಬಿಟ್ಟವಳೇ ಅಲ್ಲ ನಾನು."

ಡಾಕ್ಟರಮ್ಮ ನಕ್ಕು ಮುಂದಿನ ಹಾಳೆ ತಿರುಗಿಸಿದರು.

"ನೀವು ಟೈಲರಾ?"

"ಹೂಂ."

"ಬಸ್ ಓಡಿಸ್ತೀರಾ?"

"ಹೂಂ."

"ಈ ರೂಮಿಗೆ ಬೆಂಕಿ ಬಿದ್ದಿದ್ಯಾ?"

"ಹೂಂ." ಮುಖದಲ್ಲಿ ಅದೇ ಸಮಾಧಾನ.

ಹೆಂಡತಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಹೊಲಿಗೆ ಮಷೀನನ್ನು ಮೈದುನನಿಗೆ ಕೊಟ್ಟುಬಿಡೋಣವೇ ಎಂದು ಕಳೆದ ವಾರ ಕೇಳಿದಾಗಲೂ ಹೀಗೇ ಹೂಂ ಎಂದಿದ್ದ. ಅದನ್ನು ಒಯ್ಯಲು ಮೈದುನ ಇವತ್ತು ಸಂಜೆಯೇ ಗಾಡಿ ತರುವವನಿದ್ದ.

"ಮೇಡಂ, ಇವರು ಹೂಂ ಅಂದ್ರೆ ಒಪ್ಪಿದ ಹಾಗಲ್ವಾ?"

"ಒಂದೊಂದ್ಸಲ ಇರಬಹುದು. ನಂಬೋ ಹಾಗಿಲ್ಲಮ್ಮ. ಬರೀ ಬಾಯಲ್ಲಿ ಕೇಳಬೇಡಿ. ಎರಡು ವಸ್ತು ಮುಂದೆ ಹಿಡೀರಿ, ಕೈ ಎಲ್ಲಿಗೆ ಹೋಗುತ್ತೆ ನೋಡಿ. ಅವಸರ ಮಾಡ್ಬೇಡಿ."

ಹೊರಗೆ ಬಂದವಳೇ ಮೈದುನನಿಗೆ ಫೋನ್ ಮಾಡಿದಳು. "ಇವತ್ತು ಬರಬೇಡಪ್ಪ."

"ಯಾಕತ್ತಿಗೆ? ಅಣ್ಣ ಒಪ್ಪಿದಾನೆ ಅಂದ್ರಲ್ಲ?"

"ಅವರು ಒಪ್ಪಿರ್ಲಿಲ್ಲ. ನಾನೇ ಒಪ್ಪಿಸ್ಕೊಂಡಿದ್ದೆ."

"ಮತ್ತೆ ಯಾವಾಗ ಬರ್ಲಿ?"

"ಗೊತ್ತಿಲ್ಲ. ಎಲ್ಲಾ ಮೊದಲಿಂದ ಕೇಳ್ಬೇಕು."

ಆರು ತಿಂಗಳಲ್ಲಿ ಎಷ್ಟು ಹೂಂ! ಊಟ ಸಾಕೇ ಎಂದದ್ದಕ್ಕೆ, ನೋವಿಲ್ಲ ತಾನೇ ಎಂದದ್ದಕ್ಕೆ, ಅಂಗಡಿ ಮುಚ್ಚಿದ್ದಕ್ಕೆ. ಆಸ್ಪತ್ರೆಯ ಬೆಂಚಿನಲ್ಲಿ ಗಂಡನ ಪಕ್ಕ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಒಂದು ಲೋಟ ಟೀ ತಂದಳು. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಅವನ ಮುಂದೆ ನಿಂತಳು. ಏನೂ ಕೇಳಲಿಲ್ಲ.

ಅವನು ಎರಡನ್ನೂ ತುಂಬಾ ಹೊತ್ತು ನೋಡಿದ. ಎಡಗೈಯಿಂದ ಎರಡನ್ನೂ ಪಕ್ಕಕ್ಕೆ ತಳ್ಳಿ ಗೇಟಿನ ಕಡೆ ಬೆರಳು ತೋರಿಸಿದ. ಅವನು ಬೇಡ ಎಂದದ್ದನ್ನು ಆರು ತಿಂಗಳಲ್ಲಿ ಅವಳು ಕಂಡದ್ದು ಅದೇ ಮೊದಲು.

"ಹೋಗೋಣ, ಸ್ವಲ್ಪ ತಡೀರಿ. ನಿಮಗೆ ಬೇಡದಿದ್ರೆ ನನಗೆ ಬೇಕು," ಎಂದು ಅವಳು ಅವನ ಪಕ್ಕ ಕೂತು ಟೀ ಕುಡಿದಳು.